ಮಗಳಿಗೆ ಹೆಣ್ಣುಮಕ್ಕಳ ಪ್ರೌಢಶಾಲೆಯೋ, ಸಹಶಿಕ್ಷಣದ ಶಾಲೆಯೋ?

ನಿಮ್ಮ ಮಗಳಿಗೆ ಹನ್ನೆರಡು ವರ್ಷ, ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು ಎಂದು ಬರೆದಿದ್ದೀರಿ. ಫಲಿತಾಂಶ ಚೆನ್ನಾಗಿರುವ ಹೆಣ್ಣುಮಕ್ಕಳ ಶಾಲೆಯತ್ತ ನಿಮ್ಮ ಪತ್ನಿಯ ಒಲವಿದೆ. ಅಲ್ಲಿ ಓದಿದರೆ ಮುಂದೆ ಹುಡುಗರೊಡನೆ ವ್ಯವಹರಿಸಲು ಅವಳು ಅಂಜಿಯಾಳು ಎಂಬ ಚಿಂತೆ ನಿಮ್ಮದು. ಎರಡೂ ಬಗೆಯ ಶಾಲೆಗಳಲ್ಲಿ ಹಲವು ವರ್ಷ ಗಣಿತ ಕಲಿಸಿದವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಶಾಲೆ ಯಾವ ಬಗೆಯದು ಎಂಬುದಕ್ಕಿಂತ, ನಿಮ್ಮ ಕಣ್ಣೆದುರಿಗಿರುವ ಎರಡು ಶಾಲೆಗಳು ಹೇಗೆ ನಡೆಯುತ್ತಿವೆ ಮತ್ತು ಮಗಳಿಗೆ ಎಲ್ಲಿಗೆ ಹೋಗಲು ಮನಸ್ಸಿದೆ ಎಂಬುದಕ್ಕೇ ಹೆಚ್ಚು ಬೆಲೆ ಕೊಡಿ.

ಮೊದಲು ಫಲಿತಾಂಶದ ಮಾತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಅನೇಕವು ಪ್ರವೇಶದ ಹಂತದಲ್ಲೇ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಓದಿನ ಬಗ್ಗೆ ಕಾಳಜಿಯುಳ್ಳ, ಅನುಕೂಲವಂತ ಮನೆಗಳ ಮಕ್ಕಳು ಅಲ್ಲಿ ಹೆಚ್ಚಾಗಿ ಸೇರುತ್ತಾರೆ. ಆ ಮಕ್ಕಳು ಬೇರೆಲ್ಲಿ ಓದಿದ್ದರೂ ಪಡೆಯುತ್ತಿದ್ದ ಅಂಕವನ್ನು ಶಾಲೆಯ ಸಾಧನೆ ಎಂದು ಎಣಿಸಿದರೆ ಹೋಲಿಕೆ ತಪ್ಪುತ್ತದೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ, 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮಕ್ಕಳ ಹಿನ್ನೆಲೆಯ ವ್ಯತ್ಯಾಸವನ್ನು ಸರಿದೂಗಿಸಿದ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಗಳ, ಅಂದರೆ ಹುಡುಗಿಯರಿಗೆ ಅಥವಾ ಹುಡುಗರಿಗೆ ಮಾತ್ರ ಮೀಸಲಾದ ಶಾಲೆಗಳ, ಹೆಚ್ಚುಗಾರಿಕೆ ಬಹುಮಟ್ಟಿಗೆ ಕರಗಿಹೋಯಿತು.

ಹಾಗೆಂದು ಪ್ರತ್ಯೇಕ ಶಾಲೆಯಿಂದ ಲಾಭವೇ ಇಲ್ಲವೆಂದು ತೀರ್ಮಾನಿಸುವುದೂ ಅವಸರವಾದೀತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನು ಪ್ರೌಢಶಾಲೆಗಳಿಗೆ ಚೀಟಿ ಎತ್ತಿದಂತೆ ಹಂಚುವ ಪದ್ಧತಿಯಿತ್ತು. ಆಯ್ಕೆ ಪಾಲಕರ ಕೈಯಲ್ಲಿ ಇಲ್ಲದಿದ್ದ ಆ ಸಂದರ್ಭದಲ್ಲಿಯೂ ಪ್ರತ್ಯೇಕ ಶಾಲೆಗಳಲ್ಲಿ ಓದಿದವರು ಭಾಷಾ ವಿಷಯಗಳಲ್ಲಿ ಹೆಚ್ಚು ಅಂಕ ಪಡೆದದ್ದನ್ನೂ, ನಾಲ್ಕು ವರ್ಷದ ಕಾಲೇಜು ಶಿಕ್ಷಣಕ್ಕೆ ಹೆಚ್ಚು ಪ್ರಮಾಣದಲ್ಲಿ ಹೋದದ್ದನ್ನೂ 2013ರ ಅಧ್ಯಯನವೊಂದು ದಾಖಲಿಸಿದೆ. ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಬಗ್ಗೆ 2012ರಲ್ಲಿ ಬಂದ ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಅಲ್ಲಿ ಹೆಚ್ಚಿನ ಮಕ್ಕಳಿಗೆ ಪ್ರತ್ಯೇಕ ಶಾಲೆಯಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಅಂಥ ಶಾಲೆಯೇ ಬೇಕೆಂದು ಬಲವಾಗಿ ಬಯಸಿದ್ದವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಪ್ರಯೋಜನವಾಯಿತು.

ಲೆಕ್ಕದಲ್ಲಿ ಚುರುಕಾದ ಹುಡುಗಿಯ ವಿಷಯವಾದ್ದರಿಂದ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಶಾಲೆಯವರು ಮುಂದಿನ ಹಂತದಲ್ಲಿ ಭೌತಶಾಸ್ತ್ರವನ್ನು ಆರಿಸಿಕೊಳ್ಳುವುದು ಸಹಶಿಕ್ಷಣ ಶಾಲೆಯ ಹುಡುಗಿಯರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಅಲ್ಲಿನ ಭೌತಶಾಸ್ತ್ರ ಸಂಸ್ಥೆ 2012ರ ವರದಿಯಲ್ಲಿ ತಿಳಿಸಿತು. ಟ್ರಿನಿಡಾಡ್‌ನ ಅಧ್ಯಯನದಲ್ಲಾದರೋ ಹೆಣ್ಣುಮಕ್ಕಳ ಶಾಲೆಯವರು ವಿಜ್ಞಾನದ ವಿಷಯಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಶಾಲೆಯ ಬಗೆ ಒಂದೇ, ಪರಿಣಾಮ ಎದುರುಬದುರು. ಆದ್ದರಿಂದ ಎರಡೂ ಶಾಲೆಗಳಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಹುಡುಗಿಯರು ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಷಯಗಳನ್ನು ಮುಂದುವರಿಸಿದರು, ಅವನ್ನು ಕಲಿಸಲು ಕಾಯಂ ಶಿಕ್ಷಕರು ಇದ್ದಾರೆಯೇ ಎಂದು ನೇರವಾಗಿ ಕೇಳಿ.

ಶಾಲೆಯನ್ನು ನೋಡಲು ಹೋಗುವುದಾದರೆ ಪಾಠ ನಡೆಯುವ ದಿನವೇ ಹೋಗಿ, ಸಾಧ್ಯವಾದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರಲು ಅನುಮತಿ ಕೇಳಿ. ಸಹಶಿಕ್ಷಣ ಶಾಲೆಯಲ್ಲಿ ಪ್ರಯೋಗಾಲಯದ ಉಪಕರಣ ಯಾರ ಕೈಯಲ್ಲಿದೆ, ಫಲಿತಾಂಶವನ್ನು ಬರೆದುಕೊಳ್ಳುತ್ತಾ ಕುಳಿತವರು ಯಾರು ಎಂಬುದನ್ನು ಗಮನಿಸಿ. ಶಿಕ್ಷಕರು ಪ್ರಶ್ನೆ ಕೇಳಿದಾಗ, ಮೊದಲು ಕೂಗಿದವರ ಉತ್ತರವನ್ನೇ ಸ್ವೀಕರಿಸಿ ಮುಂದೆ ಹೋಗುತ್ತಾರೋ, ಅಥವಾ ಸುಮ್ಮನಿರುವ ಮಗುವಿಗೆ ಯೋಚಿಸಲು ಸಮಯ ಕೊಟ್ಟು ಕಾಯುತ್ತಾರೋ ನೋಡಿ. ನಿಮ್ಮ ಮಗಳಂಥ ಮಿತಭಾಷಿಗೆ ಈ ಒಂದು ಅಭ್ಯಾಸ ವರ್ಷವಿಡೀ ನೆರವಾಗುತ್ತದೆ. ಮೈದಾನ ಹುಡುಗಿಯರಿಗೂ ಸಿಗುತ್ತದೆಯೇ, ಶೌಚಾಲಯ ಶುಚಿಯಾಗಿದೆಯೇ, ಮುಟ್ಟಿನ ದಿನಗಳಲ್ಲಿ ಸಂಕೋಚವಿಲ್ಲದೆ ಪ್ಯಾಡ್ ಸಿಗುವ ವ್ಯವಸ್ಥೆಯಿದೆಯೇ ಎಂದು ತಿಳಿದುಕೊಳ್ಳುವುದನ್ನು ಬಿಡಬೇಡಿ. ಚುಡಾಯಿಸುವಿಕೆಯ ದೂರು ಬಂದಾಗ ಏನು ಮಾಡುತ್ತೀರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ‘ನಮ್ಮಲ್ಲಿ ಅಂಥದ್ದು ನಡೆಯುವುದೇ ಇಲ್ಲ’ ಎಂದರೆ ನಾನಂತೂ ಆ ಶಾಲೆಯನ್ನು ನಂಬಲಾರೆ. ಹೆಣ್ಣುಮಕ್ಕಳ ಶಾಲೆಯಲ್ಲಿಯೂ ಈ ಪ್ರಶ್ನೆ ಬೇಕು, ಏಕೆಂದರೆ ಒಬ್ಬಳನ್ನು ಗುಂಪಿನಿಂದ ಹೊರಗಿಡುವುದು, ಮೈಬಣ್ಣವನ್ನೋ ದೇಹದ ಗಾತ್ರವನ್ನೋ ಹಿಡಿದು ನೋಯಿಸುವುದು ಅಲ್ಲಿಯೂ ನಡೆಯುತ್ತದೆ, ಮತ್ತು ಹೊರಗಿನಿಂದ ಸುಲಭಕ್ಕೆ ಕಾಣಿಸುವುದಿಲ್ಲ.

ಹುಡುಗರೊಡನೆ ಒಡನಾಟದ ಬಗ್ಗೆ ನಿಮಗಿರುವ ಅಂಜಿಕೆ ಅಷ್ಟೊಂದು ಬೇಡವೆಂದು ನನ್ನ ಅನಿಸಿಕೆ. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದವರನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ಮಹಿಳೆಯರ ಸಂಬಳ ನಡುವಯಸ್ಸಿನಲ್ಲಿ ಸಹಶಿಕ್ಷಣದಲ್ಲಿ ಓದಿದವರಿಗಿಂತ ತುಸು ಹೆಚ್ಚೇ ಇತ್ತು. ಗಂಡಸರೂ ಇರುವ ಉದ್ಯೋಗಲೋಕದಲ್ಲಿ ಅವರು ಹಿಂದುಳಿಯಲಿಲ್ಲ. ಸಂಗೀತ, ಆಟ, ಚದುರಂಗದಂಥ ಯಾವುದಾದರೊಂದು ಚಟುವಟಿಕೆಯಲ್ಲಿ ಹುಡುಗರೂ ಜೊತೆಗಿದ್ದರೆ ಒಡನಾಟ ಸಹಜವಾಗಿಯೇ ಕಲಿತುಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ತಾಯಿಯ ಇಚ್ಛೆಯಿದೆ, ತಂದೆಯ ಚಿಂತೆಯಿದೆ. ಮಗಳು ಏನು ಹೇಳಿದಳೆಂಬುದು ಮಾತ್ರ ಇಲ್ಲ. ಎರಡೂ ಶಾಲೆಗಳಿಗೆ ಅವಳನ್ನು ಕರೆದೊಯ್ಯಿರಿ. ನಿಮ್ಮ ಅಭಿಪ್ರಾಯ ಹೇಳುವ ಮೊದಲು ಅವಳದನ್ನು ಕೇಳಿ, ಉತ್ತರಕ್ಕೆ ಕೆಲವು ದಿನ ಬಿಡುವು ಕೊಡಿ. ಎರಡೂ ಶಾಲೆಗಳು ಸರಿಸುಮಾರು ಒಂದೇ ಮಟ್ಟದವೆಂದು ಕಂಡರೆ ಅವಳು ಹೇಳಿದಲ್ಲಿಗೆ ಸೇರಿಸಿ. ಒಂದು ಶಾಲೆ ಸ್ಪಷ್ಟವಾಗಿ ಉತ್ತಮವಾಗಿದ್ದು ಅವಳ ಮನಸ್ಸು ಇನ್ನೊಂದರ ಮೇಲಿದ್ದರೆ, ಕಾರಣವನ್ನು ಕೇಳಿ ತಿಳಿಯಿರಿ: ಗೆಳತಿ ಅಲ್ಲಿಗೆ ಹೋಗುತ್ತಿದ್ದಾಳೆ ಎಂಬುದಾದರೆ ಮಾತಾಡಿ ಒಪ್ಪಿಸಬಹುದು, ಈಗಿನ ತರಗತಿಯಲ್ಲಿ ಯಾರೋ ಕಾಡುತ್ತಿದ್ದಾರೆ ಎಂಬುದಾದರೆ ಅದನ್ನು ಮೊದಲು ವಿಚಾರಿಸಬೇಕಾಗುತ್ತದೆ.