ಫ್ರಾನ್ಸಿನಲ್ಲಿ 10 ಯೂರೋ ಆಸುಪಾಸಿನಲ್ಲಿ ಒಳ್ಳೆಯ ವೈನ್ ಎಲ್ಲಿ ಸಿಗುತ್ತೆ?

ಬೋರ್ಡೊ, ಬರ್ಗಂಡಿ ಕೈಗೆಟುಕುತ್ತಿಲ್ಲ, ಬೇರೆ ಯಾವ ಸೀಮೆಯ ವೈನ್ ರುಚಿ ನೋಡಬಹುದು ಅಂತ ಕೇಳಿದ್ದೀರಿ. ನಾನಿರುವುದು ಟುಲೂಸ್‌ನಲ್ಲಿ, ವಿಮಾನ ಉದ್ಯಮದ ಕೆಲಸ. ನೈಋತ್ಯ ಫ್ರಾನ್ಸಿಗೆ ಬನ್ನಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ.

ಇಲ್ಲಿನ ವೈನ್ ಹೆಸರು ಮಾಡದೇ ಹೋದದ್ದಕ್ಕೆ ರುಚಿ ಕಾರಣವಲ್ಲ, ನದಿ ಕಾರಣ. ಕಾವೋರ್ ಊರು ಲೋಟ್ ನದಿಯ ದಂಡೆಯಲ್ಲಿದೆ, ಗಯಾಕ್ ಟಾರ್ನ್ ದಂಡೆಯಲ್ಲಿ. ಎರಡೂ ನದಿಗಳು ಗಾರೋನ್ ನದಿ ಸೇರಿ ಬೋರ್ಡೊ ಕಡೆ ಹರಿಯುತ್ತವೆ. ಹಿಂದೆ ಪೀಪಾಯಿಗಳು ಹಡಗು ಹತ್ತಬೇಕಾದರೆ ಅದೇ ಬಂದರು. ತಮ್ಮ ವೈನ್ ಮೊದಲು ಮಾರಾಟವಾಗಲಿ ಅಂತ ಬೋರ್ಡೊ ವರ್ತಕರು ಮೇಲ್ಸೀಮೆಯ ಸರಕನ್ನು ಚಳಿಗಾಲದವರೆಗೆ ತಡೆಹಿಡಿಯುತ್ತಿದ್ದರು. ಶತಮಾನಗಟ್ಟಲೆ ನಡೆದ ಈ ಪದ್ಧತಿಯನ್ನು ಮಂತ್ರಿ ಟ್ಯುರ್ಗೊ ರದ್ದು ಮಾಡಿದ್ದು 1776ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಗಿರಾಕಿಗಳ ಬಾಯಲ್ಲಿ ಬೋರ್ಡೊ ಹೆಸರೇ ನಿಂತುಬಿಟ್ಟಿತ್ತು. ಇದು ನನಗೆ ಇಂದಿಗೂ ಅನ್ಯಾಯ ಅನ್ನಿಸುತ್ತೆ.

ಮೊದಲು ಫ್ರೊಂಟೊನ್ ಕುಡಿದು ನೋಡಿ. ಟುಲೂಸ್‌ನಿಂದ ಉತ್ತರಕ್ಕೆ ಅರ್ಧ-ಮುಕ್ಕಾಲು ಗಂಟೆ ದಾರಿ. ನೆಗ್ರೆಟ್ ಅನ್ನೋ ಕಪ್ಪು ದ್ರಾಕ್ಷಿಯೇ ಇಲ್ಲಿನ ಜೀವಾಳ. ಸಿಪ್ಪೆ ತೆಳು, ಮಳೆಗೆ ಬೇಗ ಕೊಳೆಯುತ್ತೆ, ಹಾಗಾಗಿ ಬೇರೆ ಕಡೆ ಬೆಳೆಯುವವರು ಕಡಿಮೆ. ಗ್ಲಾಸಿಗೆ ಸ್ವಲ್ಪವೇ ಹಾಕಿಸಿಕೊಂಡು ಒಂದು ಸುತ್ತು ತಿರುಗಿಸಿ ಮೂಸಿ: ಮೊದಲು ವಯೊಲೆಟ್ ಹೂವಿನ ಪರಿಮಳ, ಅದರ ಹಿಂದೆಯೇ ಕಾಳುಮೆಣಸಿನ ಘಾಟು. ಬಣ್ಣ ಕಡುಗಪ್ಪಾದರೂ ನಾಲಿಗೆಗೆ ಮೃದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿದರೆ ಇನ್ನೂ ಚೆನ್ನ. ನಮ್ಮನೆಯಲ್ಲಿ ಪೆಪ್ಪರ್ ಚಿಕನ್ ಮಾಡಿದ ದಿನ ಇದೇ ಬಾಟಲಿ ತೆಗೆಯೋದು.

ಕಾವೋರ್ ಹಾಗಲ್ಲ. ಅಲ್ಲಿ ಮಾಲ್ಬೆಕ್ ದ್ರಾಕ್ಷಿ. ಎಳೆಯ ವೈನ್ ಆದರೆ ಹಸಿ ಅಡಿಕೆ ಜಗಿದ ಹಾಗೆ ಬಾಯೆಲ್ಲ ಒಗರು. ಖಾರದ ಊಟಕ್ಕೆ ಬೇಡ, ಒಗರು ಖಾರವನ್ನು ಇನ್ನಷ್ಟು ಕೆರಳಿಸುತ್ತೆ. ಬಾತುಕೋಳಿ ಮಾಂಸದ ಜೊತೆ ಕುಡಿಯಿರಿ, ಕೊಬ್ಬು ಸೇರಿದೊಡನೆ ಒಗರು ಇಳಿದು ಹಣ್ಣಿನ ರುಚಿ ಮೇಲೆ ಬರುತ್ತೆ. ಮಾದಿರಾನ್ ಸೀಮೆಯ ಕೆಂಪು ವೈನ್‌ಗೂ ಇದೇ ಮಾತು, ಅದು ಇನ್ನೂ ಗಡಸು. ಬಿಳಿ ವೈನ್ ಬೇಕಿದ್ದರೆ ಕೋಟ್ ದ ಗಾಸ್ಕೋನ್, ಇವೆಲ್ಲಕ್ಕಿಂತ ಅಗ್ಗ. ಖಾರದ ಜೊತೆ ಸಿಹಿ ಇಷ್ಟವಾದರೆ ಜುರಾನ್ಸೋನ್, ಬೆಲೆ ಸ್ವಲ್ಪ ಹೆಚ್ಚು.

ಸಾಧ್ಯವಾದರೆ ಸೀದಾ ತೋಟಕ್ಕೇ ಹೋಗಿ. ಮಧ್ಯಾಹ್ನ 12ರಿಂದ 2ರವರೆಗೆ ಬಹುತೇಕ ಕಡೆ ಬಾಗಿಲು ಹಾಕಿರುತ್ತೆ, ಸೆಪ್ಟೆಂಬರಿನಲ್ಲಿ ಕೊಯ್ಲಿನ ಗಡಿಬಿಡಿ, ಹಾಗಾಗಿ ಮೊದಲೇ ಫೋನ್ ಮಾಡಿ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಸಂಕೋಚ ಬೇಡ, ಕಾರು ಓಡಿಸುವವರು ಉಗುಳಲೇಬೇಕು. ಭಾರತಕ್ಕೆ ಒಯ್ಯುವುದಾದರೆ ಸುಂಕವಿಲ್ಲದೆ ತಲೆಗೆ 2 ಲೀಟರ್‌ವರೆಗೆ, ಅಂದರೆ 750 ಮಿ.ಲೀ.ನ ಬಾಟಲಿಯಾದರೆ ಎರಡೇ. ನಾನಾದರೆ ಎರಡೂ ಫ್ರೊಂಟೊನ್ ತರ್ತೀನಿ.