ಪ್ರ: 200 ಮೀಟರ್ ಎಲ್ಲಿಂದ ಅಳೆಯಬೇಕು?

ಬೈಂದೂರು ಕಡೆಯ ಕಡಲತಡಿಯ ಜಾಗಕ್ಕೆ, ಕಟ್ಟಡ ಕಟ್ಟಬಾರದ 200 ಮೀಟರನ್ನು ನೀರಿನ ಅಂಚಿನಿಂದ ಅಳೆಯಬೇಕೇ ಎಂದು ಕೇಳಿದ್ದೀರಿ. ಅಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಲೆಕ್ಕ ಶುರುವಾಗುವುದು ಭರತರೇಖೆಯಿಂದ, ಅಂದರೆ ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಏರುವ ಗಡಿಯಿಂದ.

ಏಪ್ರಿಲ್‌ನಲ್ಲಿ ಟೇಪು ಹಿಡಿದು ಹೋದವರು ಮೋಸಹೋಗುವುದೇ ಇಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅಲೆಗಳು ಮರಳನ್ನು ಕೊರೆದು ಒಯ್ಯುತ್ತವೆ, ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನಕ್ಕೆ ತಂದು ಹಾಕುತ್ತವೆ. ಬೇಸಿಗೆಯ ಅಗಲ ಮರಳುದಂಡೆ ಮಳೆಗಾಲದಲ್ಲಿ ಇರುವುದೇ ಇಲ್ಲ. ಸ್ಥಳದಲ್ಲಿ ಅಂದಾಜು ಬೇಕಿದ್ದರೆ ಉಬ್ಬರ ತಂದು ಬಿಟ್ಟ ಒಣ ಕಸದ ಸಾಲನ್ನೂ, ನೇರಳೆ ಹೂವಿನ ಅಡುಂಬು ಬಳ್ಳಿ ಎಲ್ಲಿಂದ ಹಬ್ಬಿದೆ ಎಂಬುದನ್ನೂ ನೋಡಿ. ಕಾಗದಪತ್ರಕ್ಕೆ ಇದು ನಡೆಯದು. ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂಬುದೇ ಅಂತಿಮ.

2019ರ ಅಧಿಸೂಚನೆಯಂತೆ ಗ್ರಾಮೀಣ ಪ್ರದೇಶದಲ್ಲಿ, 2011ರ ಜನಗಣತಿಯ ಪ್ರಕಾರ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿದ್ದರೆ ಮಾತ್ರ ಈ 200 ಮೀಟರಿನ ನಿಷೇಧ ವಲಯ 50 ಮೀಟರಿಗೆ ಇಳಿಯುತ್ತದೆ. ಬ್ರೋಕರ್‌ಗಳು ಎಲ್ಲಕ್ಕೂ 50 ಅನ್ನುತ್ತಾರೆ, ನಂಬಬೇಡಿ.

ಜಾಗದ ಹಿಂದೆ ಹೊಳೆ ಇದೆಯೇ? ಉಪ್ಪುನೀರು ಏರುವ ಹೊಳೆಯಾದರೆ ಆ ದಡಕ್ಕೂ ಪ್ರತ್ಯೇಕ ಅಂತರವಿದೆ, ಅದನ್ನೂ ಅದೇ ನಕ್ಷೆಯಲ್ಲಿ ನೋಡಿಕೊಳ್ಳಿ.