ಅಲಾರಂ ಆಫ್ ಮಾಡಿ, ಗಂಡನನ್ನು ಎಬ್ಬಿಸಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸುವ ಹೊತ್ತಿಗೆ ಕಾಫಿ ಆರಿತ್ತು, ತಲೆ ಬಿಸಿಯಾಗಿತ್ತು.

ಬರೆದವರು ನಾಗರಬಾವಿಯ ಒಬ್ಬ ತಾಯಿ. ವಯಸ್ಸು 34. ಮಗನಿಗೆ ಐದು ವರ್ಷ, ಮಗಳಿಗೆ ಒಂದು ಮುಕ್ಕಾಲು. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ತನಕ ಹೋಗಿ ಬರುವ ಕೆಲಸ. ಎರಡನೇ ಹೆರಿಗೆ ಆಗಿ ವರ್ಷ ತುಂಬುವಾಗ 78 ಕಿಲೊ ಇದ್ದವರು ಆರು ತಿಂಗಳಲ್ಲಿ 70ಕ್ಕೆ ಬಂದರು. ಅಲ್ಲಿಗೆ ನಿಂತಿತು. ಮೂರು ತಿಂಗಳಿಂದ ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ. ರಾತ್ರಿ ಅನ್ನ ಬಿಟ್ಟಿದ್ದಾರೆ, ಸಕ್ಕರೆ ಬಿಟ್ಟಿದ್ದಾರೆ, ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದಾರೆ. 4.45ಕ್ಕೆ ಅಲಾರಂ ಇಟ್ಟುಕೊಂಡು ಎದ್ದು, ಅಪಾರ್ಟ್‌ಮೆಂಟಿನ ಗೆಳತಿಯರ ಜೊತೆ ಮಲ್ಲತ್ತಹಳ್ಳಿ ಕೆರೆ ಕಡೆ ಒಂದು ಗಂಟೆ ವಾಕಿಂಗ್. ಫೋನಿನ ಆ್ಯಪ್‌ನಲ್ಲಿ ದಿನಕ್ಕೆ 1200 ಕ್ಯಾಲೊರಿ ಲೆಕ್ಕ.

ಅವರ ಪ್ರಶ್ನೆ ಎರಡು. 1200ನ್ನು 1000ಕ್ಕೆ ಇಳಿಸಲಾ? ಊಟಕ್ಕೆ ಕೂತಾಗಲೆಲ್ಲ ಸಾರಿಗೆ ತುಪ್ಪ ಸುರಿಯುವ ಅತ್ತೆಗೆ ಹೇಗೆ ಹೇಳಲಿ?

ಇಳಿಸಬೇಡಿ. ಅತ್ತೆಗೆ ಏನೂ ಹೇಳಬೇಡಿ. ಕೇಳಿದ್ದಕ್ಕೆ ಉತ್ತರ ಇಷ್ಟೇ. ಇನ್ನು ನೀವು ಕೇಳದೆ ಬಿಟ್ಟಿದ್ದಕ್ಕೆ ಬರೋಣ.

ಪತ್ರದ ಮೂರನೇ ಪುಟದಲ್ಲಿ, ವಾಕಿಂಗ್ ಶೂ ವಿಚಾರ ಮತ್ತು ಆ್ಯಪ್ ವಿಚಾರದ ಮಧ್ಯೆ, ನೀವು ಹೀಗೆ ಬರೆದಿದ್ದೀರಿ: "ಪಾಪು ರಾತ್ರಿ ಎರಡು ಮೂರು ಸಲ ಏಳ್ತಾಳೆ, ಹಾಲು ಕೊಟ್ಟರೆ ಮಲಗ್ತಾಳೆ. ಅದೇನು ದೊಡ್ಡ ವಿಷಯ ಅಲ್ಲ, ಅಭ್ಯಾಸ ಆಗಿಬಿಟ್ಟಿದೆ. ಇವರಿಗೆ ರಾತ್ರಿ ಅಮೆರಿಕದವರ ಜೊತೆ ಕಾಲ್ ಇರೋದ್ರಿಂದ ಬೇರೆ ರೂಮಲ್ಲಿ ಮಲಗ್ತಾರೆ. ಇವರು ತುಂಬಾ ಸಪೋರ್ಟಿವ್, ತೂಕದ ಮಷೀನ್ ತಂದುಕೊಟ್ಟಿದ್ದೇ ಇವರು."

ದೊಡ್ಡ ವಿಷಯ ಅಲ್ವಾ? ಲೆಕ್ಕ ಹಾಕೋಣ ಬನ್ನಿ. ಪಾತ್ರೆ ತೊಳೆದು, ಮಾರನೇ ದಿನದ ಡಬ್ಬಿಗೆ ತರಕಾರಿ ಹೆಚ್ಚಿಟ್ಟು, ನೀವು ಮಲಗುವುದು ಹನ್ನೊಂದೂವರೆಗೆ. ಏಳುವುದು ನಾಲ್ಕೂ ಮುಕ್ಕಾಲಿಗೆ. ಅಲ್ಲಿಗೆ ಐದೂಕಾಲು ಗಂಟೆ. ಅದರೊಳಗೆ ಎರಡು ಮೂರು ಸಲ ಎದ್ದು ಹಾಲು ಬಿಸಿ ಮಾಡಿ, ಕುಡಿಸಿ, ತಟ್ಟಿ ಮಲಗಿಸಬೇಕು. ಉಳಿದದ್ದು ನಾಲ್ಕು ಗಂಟೆ, ಅದೂ ತುಂಡು ತುಂಡಾಗಿ. ಇದು ಒಂದು ದಿನದ ಕಥೆಯಲ್ಲ, ಎರಡು ವರ್ಷದ್ದು. ಕ್ಯಾಲೊರಿಯನ್ನು ಚಮಚದ ಲೆಕ್ಕದಲ್ಲಿ ಬರೆದಿಡುವ ನೀವು ಇದನ್ನು ಎಲ್ಲೂ ಬರೆದಿಟ್ಟಿಲ್ಲ.

ಇನ್ನೊಂದು ಲೆಕ್ಕವೂ ಇದೆ. ನಿಮ್ಮದು ಎರಡು ಬೆಡ್‌ರೂಮಿನ ಮನೆ. ಒಂದು ರೂಮಲ್ಲಿ ನೀವು, ಎರಡು ಮಕ್ಕಳು. ಇನ್ನೊಂದರಲ್ಲಿ ಗಂಡ ಒಬ್ಬರೇ. ಅತ್ತೆ ಹಾಲಿನ ದಿವಾನ್ ಮೇಲೆ. ಅರವತ್ತೆಂಟು ವರ್ಷದ ಹೆಂಗಸು ಹಾಲಿನಲ್ಲಿ ಮಲಗುತ್ತಾರೆ, ಮೂವತ್ತೇಳರ ಗಂಡಸಿಗೆ ಒಂದು ಪೂರ್ತಿ ರೂಮು. ಇದನ್ನು ನೀವು ದೂರಾಗಿ ಬರೆದಿಲ್ಲ. ಮನೆ ಚಿಕ್ಕದು, ಯೋಗ ಮ್ಯಾಟ್ ಹಾಕೋಕೆ ಜಾಗ ಇಲ್ಲ ಅಂತ ಹೇಳುವಾಗ ಸುಮ್ನೆ ಬಂದುಹೋಗಿದೆ.

ಸರಿ, ತೂಕದ ವಿಷಯಕ್ಕೆ ಬರೋಣ. ಇಳಿಯುತ್ತಾ ಬಂದದ್ದು ಒಂದು ಕಡೆ ನಿಲ್ಲುವುದು ನಿಮ್ಮೊಬ್ಬರ ಕಥೆಯಲ್ಲ, ಆರು ತಿಂಗಳ ಆಸುಪಾಸಿನಲ್ಲಿ ಹೀಗಾಗುವುದು ಮಾಮೂಲು. 78 ಕಿಲೊ ದೇಹಕ್ಕೆ ಬೇಕಾದಷ್ಟು ಶಕ್ತಿ 70 ಕಿಲೊ ದೇಹಕ್ಕೆ ಬೇಡ. ಊಟ ಕಡಿಮೆಯಾಗಿದೆ ಅಂತ ಗೊತ್ತಾದರೆ ದೇಹ ಖರ್ಚನ್ನು ಇನ್ನೂ ಸ್ವಲ್ಪ ಬಿಗಿ ಮಾಡುತ್ತದೆ. ಮೊದಲ ವಾರಗಳಲ್ಲಿ ಸರಸರ ಇಳಿದದ್ದರಲ್ಲಿ ನೀರಿನ ಪಾಲೂ ಇತ್ತು. ನಾಲ್ಕು ತಿಂಗಳ ಹಿಂದೆ ಎದೆಹಾಲು ಬಿಡಿಸಿದೆ ಅಂತಲೂ ಬರೆದಿದ್ದೀರಿ. ಬರೀ ಎದೆಹಾಲೇ ಕುಡಿಸುವ ತಿಂಗಳುಗಳಲ್ಲಿ ಅದಕ್ಕೇ ದಿನಕ್ಕೆ 500 ಕ್ಯಾಲೊರಿಯಷ್ಟು ಹೋಗುತ್ತದೆ. ಒಂದೂವರೆ ವರ್ಷದ ಮಗುವಿಗೆ ಅಷ್ಟು ಬೇಕಿಲ್ಲ, ಆದರೂ ಇದ್ದ ಒಂದು ಖರ್ಚು ನಿಂತಿತು. ಅದಾಗಿ ಒಂದು ತಿಂಗಳಿಗೆ ನಿಮ್ಮ ತೂಕವೂ ನಿಂತಿದೆ. ಆಶ್ಚರ್ಯ ಏನಿದೆ? ಮತ್ತೆ, ನೀವು ಇಳಿಸಿದ 8 ಕಿಲೊ ಅಂದರೆ ಇದ್ದ ತೂಕದ ಶೇಕಡ 10. ಶೇಕಡ 5 ಇಳಿದರೂ ಬಿಪಿ, ಶುಗರ್ ವಿಷಯದಲ್ಲಿ ಗುಣ ಕಾಣುತ್ತದೆ ಅಂತ ಡಾಕ್ಟರುಗಳು ಹೇಳುತ್ತಾರೆ. ನೀವು ಸೋತ ಹಾಗೆ ಬರೆದಿದ್ದೀರಿ.

ಈಗ ನೀವು ಕಳಿಸಿರುವ ಊಟದ ಪಟ್ಟಿ. ಸೋಮವಾರ: ಸಕ್ಕರೆ ಇಲ್ಲದ ಕಾಫಿ. ಮಧ್ಯಾಹ್ನ ಎರಡು ಚಪಾತಿ, ಹುರುಳಿಕಾಯಿ ಪಲ್ಯ. ರಾತ್ರಿ ಸಣ್ಣ ಮುದ್ದೆ, ಸೊಪ್ಪಿನ ಸಾರು. ಎಷ್ಟು ಅಚ್ಚುಕಟ್ಟು! ಮಂಗಳವಾರವೂ ಅಷ್ಟೇ, ಕೊನೆಯಲ್ಲಿ "ಪಾಪುಗೆ ಶೀತ, ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂತ ಒಂದು ಸಾಲು. ಬುಧವಾರ ಸಂಜೆ, ಮೆಟ್ರೊ ಇಳಿದ ಮೇಲೆ ಬೇಕರಿ: ಒಂದು ಖಾರಾ ಬನ್, ಒಂದು ದಿಲ್‌ಪಸಂದ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸಾರಿ". ಶುಕ್ರವಾರ ರಾತ್ರಿ ಮತ್ತೆ ಜಾಗರಣೆ, ಶನಿವಾರ ಮಗನ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ತಣ್ಣಗಾದ ಚಟ್ನಿ ಸಮೇತ, ಸಿಂಕ್ ಮುಂದೆ ನಿಂತುಕೊಂಡೇ. ಅದಕ್ಕೂ "ಸಾರಿ".

ಯಾರಿಗಮ್ಮ ಸಾರಿ? ಆ್ಯಪ್‌ಗಾ?

ಆ ಪಟ್ಟಿಯನ್ನು ನೀವೇ ಇನ್ನೊಂದು ಸಲ ನೋಡಿ. ಬೇಕರಿ ಬಂದದ್ದು ನಿದ್ದೆಗೆಟ್ಟ ಮಾರನೇ ದಿನ. ಸಕ್ಕರೆ ಇಲ್ಲದ ಕಾಫಿ ಕುಡಿದು ಇಡೀ ದಿನ ತಡೆದವರು ಸಂಜೆ ಆರೂವರೆಗೆ ಸೋತಿದ್ದೀರಿ. ಇದು ಬಾಯಿ ಚಪಲ ಅಂತ ನೀವು ತಿಳಿದುಕೊಂಡಿದ್ದೀರಿ. ನಿದ್ದೆ ಕಡಿಮೆಯಾದಾಗ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ತಗ್ಗುತ್ತದೆ ಅಂತ ಅನೇಕ ಪ್ರಯೋಗಗಳಲ್ಲಿ ಕಂಡಿದೆ. ದಣಿದ ತಲೆ ಕೇಳುವುದೂ ಹೆಸರುಕಾಳು ಉಸಲಿಯನ್ನಲ್ಲ, ಮೈದಾ ಸಕ್ಕರೆಯನ್ನೇ.

ಷಿಕಾಗೊದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ ದಪ್ಪ ಮೈಯವರಿಗೆ ಡಯಟ್ಟೂ ಹೇಳಲಿಲ್ಲ, ವ್ಯಾಯಾಮವನ್ನೂ ಹೇಳಲಿಲ್ಲ. ಜಾಸ್ತಿ ನಿದ್ದೆ ಮಾಡುವುದನ್ನು ಹೇಳಿಕೊಟ್ಟರು, ಅಷ್ಟೇ. ನಿದ್ದೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಆಯಿತು. ಅವರು ತಿನ್ನುವುದು ದಿನಕ್ಕೆ ಸುಮಾರು 270 ಕ್ಯಾಲೊರಿ ತಾನಾಗಿ ಇಳಿಯಿತು. ನೀವು ಹಲ್ಲು ಕಚ್ಚಿ ಉಳಿಸಬೇಕು ಅಂದುಕೊಂಡಿರುವ 200ಕ್ಕಿಂತ ಜಾಸ್ತಿ! ಅದಕ್ಕೂ ಮುಂಚೆ 2010ರಲ್ಲಿ ಅದೇ ಊರಿನಿಂದ ಇನ್ನೊಂದು ವರದಿ ಬಂದಿತ್ತು. ಹತ್ತು ಜನರಿಗೆ ಅಳೆದ ಡಯಟ್ ಊಟ ಕೊಟ್ಟು, ಎರಡು ವಾರ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಬಿಟ್ಟರು. ತೂಕ ಎರಡೂ ಸಲ ಹೆಚ್ಚೂ ಕಡಿಮೆ ಒಂದೇ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಕರಗಿದ ಕೊಬ್ಬು 1.4 ಕಿಲೊ, ನಿದ್ದೆಗೆಟ್ಟಾಗ ಬರೀ 0.6. ಉಳಿದದ್ದರಲ್ಲಿ ಮಾಂಸಖಂಡವೂ ಹೋಯಿತು. ಬೇಡದ್ದು ಉಳಿದು ಬೇಕಾದದ್ದು ಹೋಯಿತು ಅನ್ನಿ.

ತಾಯಂದಿರ ಮೇಲೇ ಮಾಡಿದ ಅಧ್ಯಯನವೂ ಇದೆ, ಅಮೆರಿಕದ್ದೇ, 2008ರದ್ದು. ಮಗುವಿಗೆ ಆರು ತಿಂಗಳಾದಾಗ ದಿನಕ್ಕೆ ಐದು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ, ವರ್ಷ ತುಂಬಿದಾಗಲೂ ಬಸಿರಿನ ತೂಕ 5 ಕಿಲೊ ಉಳಿದುಬಿಡುವ ಸಾಧ್ಯತೆ ಏಳು ಗಂಟೆ ಮಲಗುವವರ ಮೂರು ಪಟ್ಟು. ನಿಮ್ಮ ಮಗಳು ಆ ವಯಸ್ಸು ದಾಟಿ ಎಷ್ಟೋ ಆಯಿತು. ನಿಮ್ಮ ನಿದ್ದೆ ಮಾತ್ರ ಇನ್ನೂ ಹಸಿ ಬಾಣಂತಿಯದೇ.

ಬಾಣಂತನ ಅಂದಾಗ ನೆನಪಾಯಿತು. ಅದನ್ನು ನಾವು ಅಂಟಿನುಂಡೆ, ಮೆಣಸಿನ ಸಾರು, ಹಂಡೆಗಟ್ಟಲೆ ಬಿಸಿನೀರು ಅಂತ ನೆನಪಿಟ್ಟುಕೊಂಡಿದ್ದೇವೆ. ಎಲ್ಲವೂ ಒಳ್ಳೆಯದಿತ್ತು ಅಂತ ನಾನು ಹೇಳುವುದಿಲ್ಲ, ಬಾಯಾರಿದ ಹುಡುಗಿಗೆ ನೀರು ಕೊಡದೆ ಸತಾಯಿಸಿದ್ದೂ ಅದೇ ಬಾಣಂತನ. ಆದರೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಾಗಿಲು ಮುಂದೆ ಮಾಡಿ ಮಲಗಿಸುತ್ತಿದ್ದರು ನೋಡಿ, ಅದು ನನ್ನ ಪ್ರಕಾರ ಅಂಟಿನುಂಡೆಗಿಂತ ದೊಡ್ಡ ಔಷಧ. ಮಗು ಅತ್ತರೆ ಎತ್ತಿಕೊಳ್ಳುವುದಕ್ಕೆ ಇನ್ನೊಂದು ಕೈ ಇರುತ್ತಿತ್ತು. ಉಂಡೆ ಈಗ ಆನ್‌ಲೈನಲ್ಲೂ ಸಿಗುತ್ತದೆ. ಆ ಕೈ ಸಿಗುತ್ತಿಲ್ಲ.

ಅತ್ತೆಯ ತುಪ್ಪದ ಬಗ್ಗೆ ಅರ್ಧ ಪುಟ ಬರೆದಿದ್ದೀರಿ, ಹಾಗಾಗಿ ಎರಡು ಮಾತು. ಒಂದು ಸಣ್ಣ ಚಮಚ ತುಪ್ಪ ಅಂದರೆ ಸುಮಾರು 45 ಕ್ಯಾಲೊರಿ. ಬುಧವಾರದ ದಿಲ್‌ಪಸಂದ್ ಮುಂದೆ ಅದು ಯಾವ ಲೆಕ್ಕ? ಮೂರು ಚಮಚ ಸುರಿದರೆ ಕೈ ಅಡ್ಡ ಹಿಡಿಯಿರಿ, ಒಂದಕ್ಕೆ ಸುಮ್ಮನಿರಿ. ಮಗನನ್ನು ಸ್ಕೂಲ್ ವ್ಯಾನ್ ಹತ್ತಿಸುವವರು ಅವರು, ನೀವು ಬರುವ ತನಕ ಮಗಳನ್ನು ನೋಡಿಕೊಳ್ಳುವವರು ಅವರು, ಮಲಗುವುದು ದಿವಾನ್ ಮೇಲೆ. ಆ ಮನೆಯಲ್ಲಿ ನೀವು ಊಟ ಮಾಡಿದಿರಾ ಅಂತ ನೋಡುವ ಜೀವ ಅವರೊಬ್ಬರೇ ಅಂತ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ಅವರ ಮೇಲಿನ ಸಿಟ್ಟು ವಿಳಾಸ ತಪ್ಪಿ ಬಂದಿದೆ.

ಸರಿಯಾದ ವಿಳಾಸ ಪಕ್ಕದ ರೂಮು. "ಇವರು ತುಂಬಾ ಸಪೋರ್ಟಿವ್" ಅನ್ನುವ ಸಾಲು ಇರುವ ಪತ್ರವನ್ನು ನಾನು ಯಾವಾಗಲೂ ಎರಡು ಸಲ ಓದುತ್ತೇನೆ, ಹಳೇ ಓದುಗರಿಗೆ ಇದು ಗೊತ್ತು. ಎರಡನೇ ಸಲ ಓದುವಾಗ ಆ ಗಂಡ ಏನು ಮಾಡಿದರು ಅಂತ ಹುಡುಕುತ್ತೇನೆ. ಇಲ್ಲಿ ಸಿಕ್ಕಿದ್ದು: ಮಷೀನ್ ತಂದರು. ಭಾನುವಾರ ಬೆಳಗ್ಗೆ ನಿಮ್ಮ ತೂಕ ನೋಡಿ "ಇನ್ನೂ ಸ್ವಲ್ಪ ಸ್ಟ್ರಿಕ್ಟ್ ಆಗಿರು" ಅಂದರು. ಕೆಟ್ಟವರಲ್ಲ, ಒಪ್ಪಿದೆ. ಆದರೆ ಅವರ ಕಾಲ್ ಮುಗಿಯುವುದು ಹನ್ನೊಂದಕ್ಕೆ, ಅವರು ಏಳುವುದು ಎಂಟಕ್ಕೆ, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಇಷ್ಟನ್ನೂ ನೀವೇ ಬರೆದಿದ್ದೀರಿ. ರಾತ್ರಿ ಒಂದು ಗಂಟೆಗೆ ಮಗಳು ಅತ್ತಾಗ ಏಳುವುದಕ್ಕೆ ಆ ಮನೆಯಲ್ಲಿ ಅವರಿಗಿಂತ ಯೋಗ್ಯರು ಯಾರಿದ್ದಾರೆ?

ಮಷೀನ್ ವಿಷಯಕ್ಕೆ ನನ್ನ ಹಳೇ ಹಟ ಮತ್ತೊಮ್ಮೆ ಹೇಳಿಬಿಡುತ್ತೇನೆ. ಮನೆಯಲ್ಲಿ ತೂಕದ ಮಷೀನ್ ಇರಬಾರದು. ಉಪ್ಪು ಜಾಸ್ತಿ ತಿಂದ ಮಾರನೇ ದಿನ, ಮುಟ್ಟಿನ ಮುಂಚಿನ ವಾರ, ಒಂದು ಕಿಲೊ ಏರುವುದುಂಟು. ಅದು ನೀರು. ಅಷ್ಟಕ್ಕೇ ಇಡೀ ಭಾನುವಾರ ಹಾಳು. ಅಟ್ಟಕ್ಕೆ ಹಾಕಿ. ಅಳೆಯಲೇಬೇಕು ಅಂದರೆ ಟೈಲರ್ ಟೇಪ್ ತಗೊಂಡು ತಿಂಗಳಿಗೊಮ್ಮೆ ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂಟಿಮೀಟರ್ ಒಳಗಿರಬೇಕು ಅಂತ ಡಾಕ್ಟರುಗಳ ಲೆಕ್ಕ.

ಈಗ ಮಾಡಬೇಕಾದ್ದು. ಹತ್ತು ಸಲಹೆ ಕೊಡುವುದಿಲ್ಲ, ಕೊಟ್ಟರೆ ಅವನ್ನೂ ಆ್ಯಪ್‌ಗೆ ಹಾಕಿಕೊಂಡು ಸಾರಿ ಬರೆಯುತ್ತೀರಿ. ಒಂದೇ ಮಾತು: ಎರಡು ತಿಂಗಳು ನೀವು ರಾತ್ರಿ ಹತ್ತೂವರೆಯಿಂದ ಬೆಳಗ್ಗೆ ಆರರ ತನಕ ಮಲಗಿ. 4.45ರ ಅಲಾರಂ ಇವತ್ತೇ ತೆಗೆಯಿರಿ. ಗೆಳತಿಯರು ಕೇಳಿದರೆ ನನ್ನ ಹೆಸರು ಹೇಳಿ.

ಹೇಗೆ ಅಂತೀರಾ? ಕಾಲ್ ಮುಗಿಸಿ ಗಂಡ ಮಕ್ಕಳ ಪಕ್ಕ ಬಂದು ಮಲಗಲಿ. ನೀವು ಅತ್ತೆಯನ್ನು ಕರೆದುಕೊಂಡು ಆ ಇನ್ನೊಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಕಾಲ್ ಇರುವಾಗ ಅವರು ಹಾಲಿನಲ್ಲಿ ಕೂತು ಮಾತಾಡಲಿ, ಅಮೆರಿಕದವರಿಗೆ ದಿವಾನ್ ಕಂಡರೆ ಏನೂ ಆಗುವುದಿಲ್ಲ. ಹಗಲು ಚೆನ್ನಾಗಿ ಊಟ ಮಾಡುವ ಈ ವಯಸ್ಸಿನ ಮಗುವಿಗೆ ಸಾಮಾನ್ಯವಾಗಿ ರಾತ್ರಿ ಹಾಲು ಬೇಕಾಗುವುದಿಲ್ಲ, ಬಾಟ್ಲಿ ಹಾಲು ಹಲ್ಲಿಗೂ ಕೇಡು. ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ, ಹಾಲಿನ ಬದಲು ನೀರು ಕೊಟ್ಟು ತಟ್ಟಿ ಮಲಗಿಸುವುದನ್ನು ಅಪ್ಪ ಕಲಿಯಲಿ. ಮೊದಲ ನಾಲ್ಕೈದು ರಾತ್ರಿ ಮಗಳು ಗಲಾಟೆ ಮಾಡುತ್ತಾಳೆ. ನಿಮಗೆ ಎದ್ದು ಹೋಗಬೇಕು ಅನ್ನಿಸುತ್ತದೆ. ಹೋಗಬೇಡಿ. ಪಾತ್ರೆಯನ್ನೂ ಅವರೇ ತೊಳೆಯಲಿ, ಇಲ್ಲಾ ಬೆಳಗಿನ ತನಕ ಸಿಂಕಲ್ಲಿ ಬಿದ್ದಿರಲಿ.

ವಾಕಿಂಗ್ ಸಂಜೆ ಊಟ ಆದಮೇಲೆ ಇಪ್ಪತ್ತು ನಿಮಿಷ ಮಾಡಿ, ಕೆರೆಗೆ ಶನಿವಾರ ಭಾನುವಾರ ಬಿಸಿಲು ಬಂದಮೇಲೆ ಹೋಗಿ. ತಿಂಡಿ ತಿನ್ನಿ, ಜೊತೆಗೆ ಮೊಟ್ಟೆಯೋ ಕಾಳೋ ಏನಾದರೂ ಇರಲಿ. ನಿಮ್ಮ ಪಟ್ಟಿಯಲ್ಲಿ ಪ್ರೋಟೀನ್ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು, ಇದು ಸಲಹೆಯಲ್ಲ, ಕೆಲಸ. ಕೂದಲು ಉದುರುತ್ತೆ, ಆಫೀಸಿನ ಎಸಿಯಲ್ಲಿ ನನಗೊಬ್ಬಳಿಗೇ ಚಳಿ ಅಂತ ಬರೆದಿದ್ದೀರಿ. ಹೆರಿಗೆ ಆದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಕೆಲವರಲ್ಲಿ ಅದು ಹಾಗೇ ಉಳಿಯುತ್ತದೆ. ರಕ್ತಹೀನತೆಯೂ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಜನಕ್ಕೆ ಅದು ಕಂಡಿದೆ. ಈ ಶನಿವಾರ ಹೋಗಿ ಡಾಕ್ಟರಿಗೆ ಇದೆಲ್ಲ ಹೇಳಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಜೊತೆಗೆ ಹಿಮೋಗ್ಲೋಬಿನ್, ಶುಗರ್ ಟೆಸ್ಟ್ ಮಾಡಿಸಿ. ಮಕ್ಕಳನ್ನು ಅಪ್ಪ ನೋಡಿಕೊಳ್ಳುತ್ತಾರೆ.

ಎರಡು ತಿಂಗಳಾದ ಮೇಲೆ ಬರೆಯಿರಿ. ತೂಕ ಎಷ್ಟು ಅಂತ ನನಗೆ ಬೇಡ, ಎಷ್ಟು ಗಂಟೆ ಮಲಗಿದಿರಿ ಅಂತ ಬರೆದರೆ ಸಾಕು. ಗಂಡನಿಗೆ ನನ್ನ ಮಾತು ಒಪ್ಪಿಗೆ ಆಗದಿದ್ದರೆ ಅವರೇ ಬರೆಯಲಿ. ಅವರಿಗೆ ಉತ್ತರ ಇನ್ನೂ ಸ್ವಲ್ಪ ಉದ್ದ ಇರುತ್ತದೆ.